ಚಳಿಗೆ ಮುಂಚೆ ಸೂಜಿ, ನೂಲು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ಬರೀ ಗೀಳು

ಫ್ಯಾನ್ಸಿ ಸ್ಟೋರಿನಲ್ಲಿ ‘ಉಲ್ಲನ್ ಕೊಡಿ’ ಎಂದು ಕೇಳಿದರೆ ಕೌಂಟರ್ ಮೇಲೆ ಬಂದು ಬೀಳುವುದು ಸಾಮಾನ್ಯವಾಗಿ ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ ಎಳೆ ಅದು. ಅಂಗಡಿಯವರು ಮೋಸ ಮಾಡುತ್ತಿಲ್ಲ, ನಮ್ಮ ಕಡೆ ಹೆಣೆಯುವ ದಾರಕ್ಕೆಲ್ಲ ಉಲ್ಲನ್ ಎಂಬ ಹೆಸರೇ ನಿಂತುಬಿಟ್ಟಿದೆ. ತೊಂದರೆ ಕಾಣಿಸುವುದು ಆಮೇಲೆ: ಉಣ್ಣೆಗೆಂದು ಬರೆದ ಪ್ಯಾಟರ್ನನ್ನು ಆ ಉಂಡೆಯಲ್ಲಿ ಹೆಣೆಯಲು ಕೂತಾಗ, ಇಲ್ಲವೇ ಎರಡು ತಿಂಗಳು ಹೆಣೆದ ಸ್ವೆಟರಿನ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ.

ದಸರಾ ಗೊಂಬೆಗಳು ಪೆಟ್ಟಿಗೆ ಸೇರುವ ಹೊತ್ತಿಗೆ ಹೆಣಿಗೆಯವರ ಕೈ ತುರಿಸಲು ಶುರು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಅಂತ ಓಡುವುದರೊಳಗೆ ಸೂಜಿಯ ಮೇಲಿರುವುದು ಮೈಮೇಲೆ ಬರಬೇಕು. ಆ ನಾಲ್ಕು ತಿಂಗಳಿಗೆ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುವ ಸಾಮಾನುಗಳನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಿದ್ದೇವೆ. ಅಭಿಪ್ರಾಯ ಮೊದಲೇ ಹೇಳಿಬಿಡುವುದಾದರೆ, ದುಡ್ಡು ಹಾಕಬೇಕಾದದ್ದು ಎರಡಕ್ಕೇ. ಜಾಯಿಂಟ್ ನುಣುಪಾಗಿರುವ ಒಂದು ಸರ್ಕ್ಯುಲರ್ ಸೂಜಿ (ಎರಡು ಗಿಡ್ಡ ಸೂಜಿತುದಿಗಳನ್ನು ಬಾಗುವ ಕೇಬಲ್ ಸೇರಿಸಿರುವಂಥದ್ದು; ಸೇರುವ ಜಾಗವೇ ಜಾಯಿಂಟ್), ಒಂದೇ ಲಾಟಿನ, ಅಂದರೆ ಒಟ್ಟಿಗೆ ಬಣ್ಣ ಹಾಕಿದ, ಸಾಲುವಷ್ಟು ನೂಲು. ಮಿಕ್ಕಿದ್ದರಲ್ಲಿ ಕೆಲವು ಅನುಕೂಲ, ಹಲವು ಹೆಣಿಗೆಯಿಂದ ತಪ್ಪಿಸಿಕೊಳ್ಳಲು ನಾವೇ ಹುಡುಕಿಕೊಂಡ ನೆಪ.

ಸೂಜಿ: ನಂಬರ್ ನಂಬಬೇಡಿ, ಮಿಲಿಮೀಟರ್ ನೋಡಿ

ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಓಡುವುದು ಹಳೆಯ ಬ್ರಿಟಿಷ್ ನಂಬರ್. ‘ಮೈಭಾಗಕ್ಕೆ ಹತ್ತು, ಬಾರ್ಡರಿಗೆ ಹನ್ನೆರಡು’ ಎಂದು ಅಮ್ಮಂದಿರು ಹೇಳಿಕೊಟ್ಟದ್ದು ಇದೇ ಲೆಕ್ಕ. ಇದರಲ್ಲಿ ನಂಬರ್ ಏರಿದಷ್ಟೂ ಸೂಜಿ ಸಣ್ಣಗಾಗುತ್ತದೆ: 8 ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75, 6 ಅಂದರೆ 5. ಅಮೆರಿಕದ ನಂಬರ್ ಇದಕ್ಕೆ ತದ್ವಿರುದ್ಧ, ಏರಿದಷ್ಟೂ ದಪ್ಪ. ಅಲ್ಲಿಯ 6 ನಮ್ಮ 4 ಮಿ.ಮೀ., ಅಲ್ಲಿಯ 8 ನಮ್ಮ 5 ಮಿ.ಮೀ. ಯೂಟ್ಯೂಬಿನ ಅಮೆರಿಕದಾಕೆ ‘ಎಂಟನೇ ನಂಬರ್ ತೊಗೊಳ್ಳಿ’ ಎಂದದ್ದನ್ನು ಕೇಳಿ ಇಲ್ಲಿ ಎಂಟು ಕೊಂಡರೆ ಪೂರಾ 1 ಮಿ.ಮೀ. ಸಣ್ಣ ಸೂಜಿ ಕೈಗೆ ಬರುತ್ತದೆ. ಟೊಪ್ಪಿಗೆ ತಲೆಯ ಬದಲು ತೆಂಗಿನಕಾಯಿಗೆ ಸರಿಹೊಂದುವುದು ಹೀಗೆ. ಸೂಜಿಯ ಮೇಲೆ ಮಿ.ಮೀ. ಅಚ್ಚಾಗಿರದಿದ್ದರೆ ತೂತುಗಳಿರುವ ಸೈಜ್ ಗೇಜ್ ತರಿಸಿಕೊಳ್ಳಿ. ಪುಟಾಣಿ ಸಾಮಾನುಗಳಲ್ಲಿ ದುಡ್ಡಿಗೆ ಮೋಸವಿಲ್ಲದ್ದು ಅದೊಂದೇ.

ತಲೆಗೆ ಗುಂಡಿಯಿರುವ ಉದ್ದನೆಯ ಅಲ್ಯುಮಿನಿಯಂ ಜೋಡಿ ಸೂಜಿ ಎಲ್ಲ ಊರಿನಲ್ಲೂ ಸಿಗುತ್ತದೆ, ಅಗ್ಗ, ಹತ್ತು ವರ್ಷ ಬಾಳುತ್ತದೆ. ಬೂದು ಬಣ್ಣದ ಲೇಪನದ ಪೋನಿ ಸೂಜಿ ನೋಡದ ಹೆಣಿಗೆಯವರೇ ಇಲ್ಲವೇನೋ. ಮಗುವಿನ ಕುಲಾವಿ, ಮಫ್ಲರ್ ಇಂಥವಕ್ಕೆ ಅದೇ ಸಾಕು. ಆದರೆ ದೊಡ್ಡವರ ಸ್ವೆಟರಿನ ಬೆನ್ನು ಅರ್ಧ ಬರುವಷ್ಟರಲ್ಲಿ ಇಡೀ ಬಟ್ಟೆಯ ತೂಕ ಕಡ್ಡಿಯ ತುದಿಯಲ್ಲಿ ನೇತಾಡುತ್ತಿರುತ್ತದೆ. ಪ್ರತಿ ಕುಣಿಕೆಗೂ ಮಣಿಕಟ್ಟು ಆ ತೂಕ ಎತ್ತಿ ಇಳಿಸಬೇಕು. ಹೆಣೆದರೆ ಕೈನೋವು ಬರುತ್ತದೆ ಎನ್ನುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಇದೇ 35 ಸೆಂ.ಮೀ. ಕಡ್ಡಿ.

ಸರ್ಕ್ಯುಲರ್‌ನಲ್ಲಿ ಬಟ್ಟೆಯ ಭಾರ ಕೇಬಲ್ ಮೇಲೆ, ಕೇಬಲ್ ನಿಮ್ಮ ತೊಡೆಯ ಮೇಲೆ. ಸುತ್ತು ಹೆಣೆಯಲು ಮಾತ್ರ ಅದು ಎಂಬ ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಕೊನೆಯ ಕುಣಿಕೆ ಮುಗಿದ ಮೇಲೆ ಸುಮ್ಮನೆ ತಿರುಗಿಸಿ ಹಿಂದಕ್ಕೆ ಹೆಣೆದರೆ ಜೋಡಿ ಸೂಜಿಯ ಕೆಲಸವೇ ಆಯಿತು. ಬಸ್ಸಿನಲ್ಲಿ ಪಕ್ಕದವರ ಪಕ್ಕೆಗೆ ಚುಚ್ಚುವುದಿಲ್ಲ, ಒಂದು ಕಡ್ಡಿ ಸೀಟಿನಡಿ ಉರುಳಿ ಹೋಗುವುದೂ ಇಲ್ಲ.

ಯಾವ ಉದ್ದ? ಹೆಣೆಯುವ ಸುತ್ತಳತೆಗಿಂತ ಸೂಜಿಯ ಒಟ್ಟು ಉದ್ದ ಕಡಿಮೆ ಇರಬೇಕು. ಉದ್ದ ಹೆಚ್ಚಾದರೆ ಕುಣಿಕೆಗಳು ಎಳೆದುಕೊಂಡು ತುದಿ ಮುಟ್ಟುವುದೇ ಇಲ್ಲ. 100 ಸೆಂ.ಮೀ. ಎದೆಯ ಸ್ವೆಟರಿಗೆ 80 ಸೆಂ.ಮೀ. ಸೂಜಿ ಸರಿ. ಟೊಪ್ಪಿಗೆಗೆ 40 ಸೆಂ.ಮೀ. ಅಂತ ಬೇರೆ ಕೊಳ್ಳಬಹುದು, ಕೊಳ್ಳದೆಯೂ ನಡೆಯುತ್ತದೆ: 80ರ ಕೇಬಲನ್ನೇ ಮಧ್ಯದಲ್ಲಿ ಕುಣಿಕೆಗಳ ನಡುವಿನಿಂದ ಹೊರಕ್ಕೆಳೆದು ಅರ್ಧರ್ಧ ಹೆಣೆಯುವ ಮ್ಯಾಜಿಕ್ ಲೂಪ್ ಕಲಿತರೆ ತೋಳು, ಟೊಪ್ಪಿಗೆ, ಕಾಲುಚೀಲ ಎಲ್ಲವೂ ಅದರಲ್ಲೇ ಆಗುತ್ತವೆ. ಕೇಬಲ್ ಮೆತ್ತಗಿರಬೇಕು, ಅಷ್ಟೇ. ಗಡಸು ಪ್ಲಾಸ್ಟಿಕ್ ಕೇಬಲ್ ಕವರಿನಿಂದ ತೆಗೆದಾಗ ಸುರುಳಿಯಾಗಿಯೇ ಇರುತ್ತದೆ. ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ನೇರ ಹಿಡಿದು, ತಣ್ಣೀರಿಗೆ ಹಾಕಿದರೆ ಸುರುಳಿ ಬಿಡುತ್ತದೆ. ಮರದ ತುದಿಯಾದರೆ ತುದಿ ನೀರಿಗೆ ತಾಗಿಸಬೇಡಿ.

ಇನ್ನು ಆ ಜಾಯಿಂಟ್. ಕೊಳ್ಳುವಾಗ ಕಣ್ಣು ಮುಚ್ಚಿ, ಹೆಬ್ಬೆರಳ ಉಗುರನ್ನು ಕೇಬಲ್ ಕಡೆಯಿಂದ ಸೂಜಿಯ ಕಡೆಗೆ ನಿಧಾನ ಎಳೆಯಿರಿ. ಕೇಬಲ್ ಮುಗಿದು ಲೋಹ ಶುರುವಾಗುವಲ್ಲಿ ಒಮ್ಮೆ, ಲೋಹ ಮುಗಿದು ಮರ ಶುರುವಾಗುವಲ್ಲಿ ಇನ್ನೊಮ್ಮೆ ಉಗುರು ತಡೆಯುತ್ತದೆಯೇ ನೋಡಿ. ಕೂದಲಿನಷ್ಟು ಮೆಟ್ಟಿಲಿದ್ದರೂ ಪ್ರತಿ ಕುಣಿಕೆಯನ್ನೂ ಅಲ್ಲಿ ಬೆರಳಿಂದ ನೂಕಬೇಕಾಗುತ್ತದೆ. ಸುತ್ತಿಗೆ 220 ಕುಣಿಕೆ ಇರುವ ಸ್ವೆಟರಿನಲ್ಲಿ ಸುತ್ತಿಗೆ 220 ಸಲ. ಸಡಿಲ ನೂಲಾದರೆ ಅಲ್ಲೇ ಎಳೆ ಸಿಕ್ಕಿ ಸೀಳುತ್ತದೆ. ಕಂಪನಿಯ ಗುರುತೇ ಇಲ್ಲದ ಅಗ್ಗದ ಬಿದಿರಿನ ಸೆಟ್‌ಗಳು, ಅಂದರೆ ಒಂದೇ ಪ್ಯಾಕಿನಲ್ಲಿ ಹದಿನೈದು ಹದಿನೆಂಟು ಸೈಜು ತುಂಬಿ ಬರುವಂಥವು, ಸೋಲುವುದು ಇಲ್ಲಿಯೇ. ಪ್ಲಾಸ್ಟಿಕ್ ನಳಿಕೆಯನ್ನು ಬಿದಿರಿಗೆ ಅಂಟು ಹಾಕಿ ಕೂರಿಸಿರುತ್ತಾರೆ, ಮಳೆಗಾಲ ಒಂದು ಕಳೆದರೆ ಅಂಟು ಬಿಡುತ್ತದೆ. ಬಿಟ್ಟಾಗ ಒಂದೆರಡಲ್ಲ, ಐವತ್ತು ಕುಣಿಕೆ ಒಟ್ಟಿಗೆ ಜಾರುತ್ತವೆ.

ತುದಿ ಬಿಚ್ಚಿ ಬದಲಿಸುವ ಇಂಟರ್‌ಚೇಂಜೆಬಲ್ ಸೆಟ್‌ಗಳಲ್ಲಿ ನಮ್ಮ ದೇಶದಲ್ಲೇ ತಯಾರಾಗಿ ಹೊರದೇಶಗಳಲ್ಲೂ ಹೆಸರಾದದ್ದು ನಿಟ್‌ಪ್ರೋ. ಅಮೆರಿಕದಲ್ಲಿರುವವರು ಅದನ್ನು ನಿಟ್ಟರ್ಸ್ ಪ್ರೈಡ್ ಎಂಬ ಹೆಸರಿನಲ್ಲಿ ನೋಡಿರುತ್ತೀರಿ. ಬಣ್ಣಬಣ್ಣದ ಪದರಗಳ ಸಿಂಫನಿ ಸೂಜಿ ಬರ್ಚ್ ಮರದ ತೆಳು ಹಾಳೆಗಳನ್ನು ಅಂಟಿಸಿ ಮಾಡಿದ್ದು. ಹಗುರ, ಕೈಗೆ ತಣ್ಣಗಾಗುವುದಿಲ್ಲ, ಅಲ್ಯುಮಿನಿಯಂನಷ್ಟು ಜಾರುವುದಿಲ್ಲ. ಕೇಬಲಿನ ಉದ್ದ ಕೊಳ್ಳುವಾಗ ಎಚ್ಚರ: ಕವರಿನ ಮೇಲೆ 80 ಎಂದಿದ್ದರೆ ಅದು ಎರಡು ತುದಿ ಸೇರಿಸಿದ ಮೇಲಿನ ಉದ್ದ, ಬರೀ ಕೇಬಲ್ 56 ಸೆಂ.ಮೀ. ಮಾತ್ರ. ಅಳೆದು ನೋಡಿ ‘ಕಡಿಮೆ ಕಳಿಸಿದ್ದಾರೆ’ ಎಂದು ವಾಪಸ್ ಹಾಕುವವರಿದ್ದಾರೆ.

ಸ್ಕ್ರೂ ಇರುವ ಯಾವ ಸೆಟ್ಟಿಗೂ ಒಂದು ಸಹಜ ದೌರ್ಬಲ್ಯವಿದೆ. ಹೆಣೆಯುವಾಗ ಮಣಿಕಟ್ಟು ತಿರುಗಿದಂತೆಲ್ಲ ತುದಿಯೂ ಕೂದಲೆಳೆಯಷ್ಟು ತಿರುಗುತ್ತದೆ. ಬರೀ ಕೈಯಲ್ಲಿ ಬಿಗಿದಿದ್ದರೆ ಇಪ್ಪತ್ತು ಸುತ್ತಿನೊಳಗೆ ಸಂದಿ ತೆರೆದು ನೂಲು ಅದರೊಳಗೆ ಕಚ್ಚಿಕೊಳ್ಳುತ್ತದೆ. ಸೆಟ್ಟಿನ ಜೊತೆ ಬರುವ ಬಾಗಿದ ಪುಟ್ಟ ಕಂಬಿ ಕಸಕ್ಕೆ ಹಾಕುವ ಸಾಮಾನಲ್ಲ. ಅದನ್ನು ಕೇಬಲ್ ತುದಿಯ ತೂತಿಗೆ ಹಾಕಿ ಹಿಡಿದುಕೊಂಡು, ಸೂಜಿಯನ್ನು ಇನ್ನೊಂದು ಕೈಯಲ್ಲಿ ತಿರುಗಿಸಿ ಬಿಗಿಯಬೇಕು. ಮರದ ತುದಿಯನ್ನು ಇಕ್ಕಳದಲ್ಲಿ ಹಿಡಿದರೆ ಪದರ ಬಿಡುತ್ತದೆ. ಜಾರದಂತೆ ಹಿಡಿಯಲು ಜಾಡಿಯ ಮುಚ್ಚಳ ತೆಗೆಯುವ ರಬ್ಬರ್ ತುಂಡು ಸಾಕು.

ಆ ತೂತಿಗೆ ಇನ್ನೊಂದು ಉಪಯೋಗವಿದೆ, ಗೊತ್ತಿರುವವರು ಕಡಿಮೆ. ಕಷ್ಟದ ವಿನ್ಯಾಸ ಶುರು ಮಾಡುವ ಮುಂಚೆ, ಬಲಗೈ ಕಡೆಯ ಜಾಯಿಂಟಿನ ತೂತಿನಲ್ಲಿ ಬೇರೆ ಬಣ್ಣದ ನುಣುಪಾದ ಹೊಲಿಗೆ ದಾರ ಪೋಣಿಸಿ, ಉದ್ದ ಬಾಲ ಬಿಟ್ಟು ಒಂದು ಸಾಲು ಹೆಣೆಯಿರಿ. ಕುಣಿಕೆಗಳು ಜಾಯಿಂಟ್ ದಾಟುತ್ತಿದ್ದಂತೆ ದಾರ ತಾನಾಗಿಯೇ ಅವುಗಳೊಳಗೆ ಸೇರಿಕೊಳ್ಳುತ್ತದೆ. ಮುಂದೆ ತಪ್ಪಾದರೆ ಆ ಸಾಲಿನವರೆಗೆ ಧೈರ್ಯವಾಗಿ ಬಿಚ್ಚಬಹುದು. ಗುರುತಿಗೆ ಸೂಜಿಯ ಮೇಲೆ ಹಾಕುವ ಉಂಗುರಗಳ, ಅಂದರೆ ಮಾರ್ಕರುಗಳ, ಒಳಗಿಂದ ಮಾತ್ರ ದಾರ ಹೋಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಮಾರ್ಕರ್ ಅಲ್ಲೇ ಬಂದಿ.

ಹಾಗಾದರೆ ಸೆಟ್ ಕೊಳ್ಳಬೇಕೇ? ವರ್ಷಕ್ಕೆ ಮೂರು ನಾಲ್ಕು ವಸ್ತು ಹೆಣೆಯುವವರಿಗೆ ಬೇಡ. 4 ಮಿ.ಮೀ. ಒಂದು, ಬಾರ್ಡರಿಗೆ 3.25 ಒಂದು, ಎರಡೂ 80 ಸೆಂ.ಮೀ. ಫಿಕ್ಸೆಡ್ ಸರ್ಕ್ಯುಲರ್ ಕೊಂಡರೆ ಈ ಚಳಿಗಾಲ ಕಳೆಯುತ್ತದೆ. ಫಿಕ್ಸೆಡ್‌ನಲ್ಲಿ ಬಿಗಿಯುವ ಗೋಜಿಲ್ಲ. ಸೆಟ್ಟಿನ ಅಸಲಿ ಲಾಭ ಇರುವುದು ಅರ್ಧಂಬರ್ಧ ಕೆಲಸಗಳು ಏಳೆಂಟು ಇರುವವರಿಗೆ. ತುದಿ ಬಿಚ್ಚಿಕೊಂಡು, ಕೇಬಲಿಗೆ ಮುಚ್ಚಳ ಹಾಕಿ ಹಳೆಯ ಕೆಲಸವನ್ನು ಮಲಗಿಸಬಹುದು. (ಇದು ಲಾಭವೋ, ಕೆಟ್ಟ ಅಭ್ಯಾಸಕ್ಕೆ ಪ್ರೋತ್ಸಾಹವೋ, ಅವರವರು ನಿರ್ಧರಿಸಲಿ.)

ನೂಲು: ಉಂಡೆಯ ಮೇಲಿನ ಚೀಟಿ ಹೇಳದ್ದು

ವರ್ಧಮಾನ್, ಓಸ್ವಾಲ್, ಗಂಗಾ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಈ ಹೆಸರುಗಳೆಲ್ಲ ಲುಧಿಯಾನದವು. ರಸ್ತೆ ಬದಿ ಟಿಬೆಟಿಯನ್ನರು ಸಾಲಾಗಿ ನೇತುಹಾಕುವ ಮಿಷನ್ ಸ್ವೆಟರುಗಳೂ ಬಹುಪಾಲು ಅಲ್ಲಿಂದಲೇ ಬರುತ್ತವೆ. ಅವುಗಳ ಬೆಲೆಗೆ ಕೈಹೆಣಿಗೆ ಎಂದೂ ಸರಿಗಟ್ಟದು, ಆ ಲೆಕ್ಕ ಬಿಟ್ಟೇ ಸೂಜಿ ಹಿಡಿಯಬೇಕು.

ಅಕ್ರಿಲಿಕ್‌ನ ಬಲ ಏನು? ಅಗ್ಗ, ಬಣ್ಣ ಬೇಕಾದಷ್ಟು, ವಾಷಿಂಗ್ ಮಷಿನ್‌ಗೆ ಹೆದರದು, ನುಸಿ ಮುಟ್ಟುವುದಿಲ್ಲ, ಚುಚ್ಚುವುದಿಲ್ಲ. ದೌರ್ಬಲ್ಯ ಬೆವರಿನದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿಯೂ ಒದ್ದೆ ಅನಿಸುವುದಿಲ್ಲ; ಅಕ್ರಿಲಿಕ್ ಹೀರುವುದೇ ಅತ್ಯಲ್ಪ. ಬೆಂಗಳೂರಿನ ಡಿಸೆಂಬರಿನಲ್ಲಿ ಬೆಳಗ್ಗೆ 15-16 ಡಿಗ್ರಿ, ಮಧ್ಯಾಹ್ನ 27ರ ಹತ್ತಿರ. ದಪ್ಪ ಅಕ್ರಿಲಿಕ್ ಸ್ವೆಟರ್ ಹಾಕಿ ಹೊರಟವರು ಹನ್ನೊಂದು ಗಂಟೆಗೆ ಅದನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ. ಈ ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ಇಲ್ಲಿಗೆ ತೋಳಿಲ್ಲದ ಸ್ವೆಟರ್, ಟೊಪ್ಪಿಗೆ, ಶಾಲು, ಅದೂ ಮಧ್ಯಮ ದಪ್ಪದ ನೂಲಿನಲ್ಲಿ. ಮಡಿಕೇರಿ, ಚಿಕ್ಕಮಗಳೂರು, ಬೀದರಿನ ರಾತ್ರಿಗಳಿಗೆ ತುಂಬುತೋಳು ಸಾರ್ಥಕ. ಹೆಬ್ಬೆರಳಷ್ಟು ದಪ್ಪದ ಜಂಬೋ ನೂಲಿನ ಕಂಬಳಿಗಳು ಇನ್‌ಸ್ಟಾಗ್ರಾಮಿನಲ್ಲಿ ಚೆಂದ. ಎಳೆಗೆ ಹುರಿಯೇ ಇಲ್ಲದ್ದರಿಂದ ಎರಡೇ ವಾರಕ್ಕೆ ಮೈಯೆಲ್ಲ ಗುಳ್ಳೆ ಏಳುತ್ತದೆ.

ಚೀಟಿಯಲ್ಲಿ ‘4 ಪ್ಲೈ’ ಎಂದಿದ್ದರೆ ನಾಲ್ಕು ಎಳೆ ಸೇರಿಸಿ ಹುರಿ ಮಾಡಿದೆ ಎಂದಷ್ಟೇ ಅರ್ಥ ಇರಬಹುದು, ದಪ್ಪ ಎಷ್ಟು ಎಂಬುದು ಅದರಿಂದ ತಿಳಿಯದು. ಮೀಟರ್ ಬರೆದಿಲ್ಲದ ಉಂಡೆಗಳೂ ಬಹಳ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು: ಸರಿಯಾಗಿ 20 ಮೀಟರ್ ಅಳೆದು ತೂಗಿ. 10 ಗ್ರಾಂ ಬಂದರೆ 100 ಗ್ರಾಮಿಗೆ 200 ಮೀಟರ್, ಅದು ಡಿ.ಕೆ. (ಡಬಲ್ ನಿಟಿಂಗ್) ಎಂಬ ಮಧ್ಯಮ ದಪ್ಪ, 4 ಮಿ.ಮೀ. ಸೂಜಿಗೆ. 5 ಗ್ರಾಂ ಬಂದರೆ ಕಾಲುಚೀಲದ ಸಣ್ಣ ನೂಲು, 3 ಮಿ.ಮೀ. ಆಸುಪಾಸಿನ ಸೂಜಿ. 12 ಗ್ರಾಮಾದರೆ 5 ಮಿ.ಮೀ. ಸೂಜಿಯ ದಪ್ಪ ನೂಲು. ವಿದೇಶಿ ಪ್ಯಾಟರ್ನಿನ ನೂಲಿಗೆ ಇಲ್ಲಿಯ ಬದಲಿ ಹುಡುಕಲು ಇದಕ್ಕಿಂತ ನಂಬುವ ದಾರಿಯಿಲ್ಲ.

‘ಪ್ಯೂರ್ ವುಲ್’ ಎಂದು ಮಾರುವ ಬಿಡಿ ಲಡಿಯ ಮೇಲೆ ಅನುಮಾನವಿದ್ದರೆ ಸುಟ್ಟು ನೋಡಿ. ಐದು ಸೆಂ.ಮೀ. ತುಂಡನ್ನು ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಊದುಬತ್ತಿ ಹಚ್ಚುವ ಬೆಂಕಿಕಡ್ಡಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಬೆಂಕಿ ತೆಗೆದ ಕೂಡಲೇ ಆರುತ್ತದೆ. ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ, ಕಪ್ಪು ಹೊಗೆ ಬಿಟ್ಟು, ಪುಡಿಯಾಗದ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಎರಡೂ ಕಂಡರೆ ಮಿಶ್ರ ನೂಲು. ತಟ್ಟೆಗೆ ಬೀಳುವ ಹನಿ ಕೈಗೆ ಅಂಟುವಷ್ಟು ಬಿಸಿ, ಮುಟ್ಟಬೇಡಿ.

ಉಣ್ಣೆ ಅಂದ ಕೂಡಲೇ ನಮ್ಮದೇ ಕುರಿಯ ಉಣ್ಣೆ ಯಾಕಾಗಬಾರದು ಎಂದು ಕೇಳುವವರಿದ್ದಾರೆ. ದಖ್ಖನಿ ಕುರಿಯ ಎಳೆ ಒರಟು. ಚಳ್ಳಕೆರೆಯ ಕಂಬಳಿಗೆ ಅದೇ ಒರಟುತನ ಗಟ್ಟಿತನ ಕೊಡುತ್ತದೆ, ಆದರೆ ಕುತ್ತಿಗೆಗೆ ತಾಗಿದರೆ ಕೆರೆತ. ಚೀಲ, ಆಸನ ಹೆಣೆಯಲು ಪ್ರಯತ್ನಿಸಬಹುದು, ಮೈಗೆ ಬೇಡ. ಮೈಗೆ ಮೆರಿನೋ ಕುರಿಯ ನಯವಾದ ಉಣ್ಣೆ, ಅಥವಾ ಮೆರಿನೋ ಬೆರೆತ ಅಕ್ರಿಲಿಕ್. ಅಮೆರಿಕ, ಕೆನಡಾದಲ್ಲಿರುವ ಮೊಮ್ಮಗುವಿಗೆ ಹೆಣೆದು ಕಳಿಸುವ ಅಜ್ಜಿಯರು ಚೀಟಿಯಲ್ಲಿ, ಮಷಿನ್ನಿನಲ್ಲಿ ಒಗೆದರೂ ಕುಗ್ಗದ ಉಣ್ಣೆ ಎಂದು ಸೂಚಿಸುವ ‘ಸೂಪರ್‌ವಾಶ್’ ಇದೆಯೇ ನೋಡಿ. ಅಲ್ಲಿ ಎಲ್ಲವೂ ಮಷಿನ್ನಿಗೆ, ಆಮೇಲೆ ಡ್ರೈಯರಿಗೆ. ಮಾಮೂಲಿ ಉಣ್ಣೆ ಒಂದೇ ಒಗೆತಕ್ಕೆ ಗೊಂಬೆಯ ಅಂಗಿಯಾಗಿ ಹೊರಬರುತ್ತದೆ. ಸೂಪರ್‌ವಾಶ್ ಆದರೂ ಚೀಟಿಯ ಗುರುತು ನೋಡಿಯೇ ಡ್ರೈಯರಿಗೆ ಹಾಕಲು ಹೇಳಿ.

ಎಷ್ಟು ಕೊಳ್ಳಬೇಕು? ಡಿ.ಕೆ. ದಪ್ಪದಲ್ಲಿ ಕುಲಾವಿಗೆ 30 ಗ್ರಾಂ, ದೊಡ್ಡವರ ಟೊಪ್ಪಿಗೆಗೆ 80ರಿಂದ 100, ಮಫ್ಲರಿಗೆ 200-250, ತೋಳಿಲ್ಲದ ಸ್ವೆಟರಿಗೆ 300-350, ತುಂಬುತೋಳಿಗೆ 450ರಿಂದ 600. ಇದರ ಮೇಲೆ ಒಂದು ಉಂಡೆ ಹೆಚ್ಚು, ಎಲ್ಲವೂ ಒಂದೇ ಲಾಟ್ ನಂಬರಿನದು. ಒಂದೇ ಕೆಂಪು ಎಂದು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಂಡದ್ದು ಬಿಸಿಲಿನಲ್ಲಿ ಎರಡು ಕೆಂಪಾಗುತ್ತದೆ. ಲಾಟ್ ಸಿಗದೆ ಹೋದರೆ ಹಳೆಯದು ಮುಗಿಯುವ ತನಕ ಕಾಯದೆ, ಕೊನೆಯ ಎರಡು ಉಂಡೆಯಿರುವಾಗಲೇ ಹೊಸದನ್ನು ಎರಡೆರಡು ಸಾಲಿಗೊಮ್ಮೆ ಬದಲಿಸುತ್ತಾ ಬೆರೆಸಿ. ಗೆರೆ ಎದ್ದು ಕಾಣದು.

ಮೊದಲು ಟೊಪ್ಪಿಗೆ

ಸೂಜಿ, ನೂಲು ಎರಡನ್ನೂ ಪರೀಕ್ಷಿಸಲು ಟೊಪ್ಪಿಗೆಯಷ್ಟು ಒಳ್ಳೆಯ ಕೆಲಸ ಬೇರೆಯಿಲ್ಲ. ನಿಮಿಷಕ್ಕೆ 20 ಕುಣಿಕೆ ಹೆಣೆಯುವವರಿಗೆ ಐದು ಗಂಟೆ. ಅದೇ ವೇಗದಲ್ಲಿ ತುಂಬುತೋಳಿನ ಸ್ವೆಟರಿನ ಐವತ್ತೆಂಟು ಸಾವಿರ ಚಿಲ್ಲರೆ ಕುಣಿಕೆಗೆ ಸುಮಾರು 49 ಗಂಟೆ ಬೇಕು. ದಿನಕ್ಕೊಂದು ಗಂಟೆ ಎಂದರೆ ಏಳು ವಾರ. ನವೆಂಬರ್ ಮೊದಲ ವಾರದಲ್ಲಿ ಶುರು ಮಾಡಿದ್ದು ಕ್ರಿಸ್‌ಮಸ್ ರಜೆಗೆ ಬೇಕೆಂದರೆ ಒಂದು ದಿನವೂ ತಪ್ಪುವಂತಿಲ್ಲ.

ಮಾದರಿ ತುಂಡು ಹೆಣೆಯದೆ ಲೆಕ್ಕ ಹಾಕಬೇಡಿ. 4 ಮಿ.ಮೀ. ಸೂಜಿಯಲ್ಲಿ 30 ಕುಣಿಕೆ ಹಾಕಿ 12 ಸೆಂ.ಮೀ. ಹೆಣೆದು, ಒಗೆದು, ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಎಂದು ಎಣಿಸಿ. 22 ಬಂತು ಎಂದುಕೊಳ್ಳೋಣ. ತಲೆ ಸುತ್ತಳತೆ 56 ಸೆಂ.ಮೀ. ಇದ್ದರೆ ಟೊಪ್ಪಿಗೆ 50-51 ಸೆಂ.ಮೀ. ಇರಬೇಕು, ಹಿಗ್ಗಿ ಹಿಡಿಯಲು. ಐವತ್ತಕ್ಕೆ 110 ಕುಣಿಕೆ; ಎರಡು ಸೀದಾ ಎರಡು ಉಲ್ಟಾ ಬಾರ್ಡರಿಗೆ ನಾಲ್ಕರಿಂದ, ನೆತ್ತಿಗೆ ಎಂಟರಿಂದ ಭಾಗವಾಗಬೇಕಾದ್ದರಿಂದ 112. ಇದೇ 112ಕ್ಕೆ 10 ಸೆಂ.ಮೀ.ನಲ್ಲಿ 20 ಕುಣಿಕೆ ಬರುವ ಸಡಿಲ ಕೈಯಾದರೆ ಟೊಪ್ಪಿಗೆ 56 ಸೆಂ.ಮೀ. ಆಗಿ ಕಣ್ಣಿನ ಮೇಲೆ ಜಾರುತ್ತದೆ. 24 ಬರುವ ಬಿಗಿ ಕೈಯಾದರೆ 47ಕ್ಕೆ ಇಳಿದು ಹಣೆಗೆ ಗೆರೆ ಹಾಕುತ್ತದೆ. ಎರಡು ಕುಣಿಕೆಯ ವ್ಯತ್ಯಾಸ, ಅಷ್ಟೇ.

ಕುಣಿಕೆ ಹಾಕುವಾಗ ಬಿಡುವ ಬಾಲ ಒಂದು ಕುಣಿಕೆಗೆ ಒಂದೂವರೆ ಸೆಂ.ಮೀ. ಲೆಕ್ಕದಲ್ಲಿ 170 ಸೆಂ.ಮೀ., ಮೇಲೊಂದು ಗೇಣು. ಸುತ್ತು ಸೇರಿಸುವ ಮುಂಚೆ ಎಲ್ಲ ಕುಣಿಕೆಯ ಬುಡ ಕೇಬಲಿನ ಕೆಳಗೇ ಇದೆಯೇ ನೋಡಬೇಕು. ಒಂದು ತಿರುಚು ಉಳಿದರೂ ಟೊಪ್ಪಿಗೆ ಎಂಟರ ಆಕಾರಕ್ಕೆ ತಿರುಗುತ್ತದೆ, ಎರಡನೇ ಸುತ್ತಿನ ನಂತರ ಬಿಚ್ಚದೆ ಬೇರೆ ದಾರಿಯಿಲ್ಲ. ಮೊದಲ ಎರಡು ಸಾಲು ಸೇರಿಸದೆ ಹಿಂದೆ ಮುಂದೆ ಹೆಣೆದು, ಪಟ್ಟಿ ಸ್ವಲ್ಪ ಅಗಲವಾದ ಮೇಲೆ ಸೇರಿಸಿ. ತಿರುಚು ಕಣ್ಣಿಗೆ ಬೀಳುತ್ತದೆ. ಉಳಿಯುವ ಸಣ್ಣ ಸೀಳನ್ನು ಬಾಲದಿಂದ ಹೊಲಿದರಾಯಿತು.

13-14 ಸೆಂ.ಮೀ. ಎತ್ತರವಾದ ಮೇಲೆ ನೆತ್ತಿ. 112ನ್ನು ಎಂಟು ಪಾಲು ಮಾಡಿದರೆ ಪಾಲಿಗೆ 14. 12 ಸೀದಾ, ನಂತರ ಎರಡನ್ನು ಒಟ್ಟಿಗೆ. ಹೀಗೆ ಸುತ್ತಿಗೆ ಎಂಟು ಕಡಿಮೆ. ಮುಂದಿನ ಸುತ್ತು ಬರೀ ಸೀದಾ. ಅದರ ಮುಂದೆ 11 ಸೀದಾ, ಎರಡು ಒಟ್ಟಿಗೆ. ಹದಿಮೂರು ಸಲ ಕಡಿಮೆ ಮಾಡಿದಾಗ ಎಂಟು ಉಳಿಯುತ್ತವೆ. ನೂಲು ಕತ್ತರಿಸಿ ದಬ್ಬಳದಲ್ಲಿ ಆ ಎಂಟರೊಳಗೂ ಎರಡು ಸಲ ಪೋಣಿಸಿ ಎಳೆಯಿರಿ. ಒಮ್ಮೆ ಮಾತ್ರ ಪೋಣಿಸಿದರೆ ನೆತ್ತಿಯಲ್ಲಿ ತೂತು ಉಳಿಯುತ್ತದೆ.

ಸ್ಕೂಟರಿನವರಿಗೆ ಹೆಣೆಯುವುದಾದರೆ ಎರಡು ಮಾತು. ಹೆಲ್ಮೆಟ್ಟಿನೊಳಗೆ ಡಿ.ಕೆ. ದಪ್ಪದ ಟೊಪ್ಪಿಗೆ ಹಣೆ ಒತ್ತುತ್ತದೆ, ಹೆಲ್ಮೆಟ್ಟನ್ನೂ ಸರಿಯಾಗಿ ಕೂರಲು ಬಿಡುವುದಿಲ್ಲ. ಮಫ್ಲರಿನ ನೇತಾಡುವ ತುದಿ ಚಕ್ರಕ್ಕೆ ಸಿಕ್ಕರೆ ಜೀವಕ್ಕೇ ಅಪಾಯ. ಎರಡಕ್ಕೂ ಬದಲಾಗಿ ಸರಿಯಾದದ್ದು, ಕತ್ತಿನ ಸುತ್ತ ಬಳೆಯಂತೆ ಕೂರುವ, ತುದಿಯಿಲ್ಲದ ಕೌಲ್. 132 ಕುಣಿಕೆ, ಎರಡು ಸೀದಾ ಎರಡು ಉಲ್ಟಾ, 25 ಸೆಂ.ಮೀ. ಎತ್ತರ. ಕತ್ತೂ ಬೆಚ್ಚಗೆ, ಎಳೆದರೆ ಮೂಗಿನವರೆಗೂ ಬರುತ್ತದೆ.

ಮಕ್ಕಳ ಸ್ವೆಟರಿನಲ್ಲಿ ಎಡವುವುದು ಕುತ್ತಿಗೆಯಲ್ಲಿ. ಎರಡು ವರ್ಷದ ಮಗುವಿನ ತಲೆ 48 ಸೆಂ.ಮೀ. ಹತ್ತಿರ, ಎದೆಯೂ ಹೆಚ್ಚುಕಡಿಮೆ ಅಷ್ಟೇ. ಕುತ್ತಿಗೆಯ ಕೊನೆಯ ಸಾಲನ್ನು ಅದೇ ಸೂಜಿಯಲ್ಲಿ ಬಿಗಿಯಾಗಿ ಮುಚ್ಚಿದರೆ ಸ್ವೆಟರ್ ಕಿವಿಯ ಹತ್ತಿರ ನಿಲ್ಲುತ್ತದೆ, ಮಗು ಕಿರುಚುತ್ತದೆ. ಒಂದು ಮಿ.ಮೀ. ದಪ್ಪ ಸೂಜಿಯಲ್ಲಿ ಸಡಿಲವಾಗಿ ಮುಚ್ಚಿ, ನೂಲು ಕತ್ತರಿಸುವ ಮುಂಚೆ ಎಳೆದು ಅಳೆಯಿರಿ. ಇಲ್ಲವೇ ಒಂದು ಭುಜ ತೆರೆದಿಟ್ಟು ಗುಂಡಿ ಹಾಕಿ. ಗುಂಡಿ ಕೀಳದಷ್ಟು ಗಟ್ಟಿಯಾಗಿ ಹೊಲಿದಿರಬೇಕು. ಎರಡು ಬಣ್ಣದ ಚಿತ್ತಾರವಿದ್ದರೆ ಒಳಗೆ ಉದ್ದ ಎಳೆಗಳು ಜೋತಾಡದಂತೆ ಮೂರು ನಾಲ್ಕು ಕುಣಿಕೆಗೊಮ್ಮೆ ಸಿಕ್ಕಿಸಿ. ಕೂಸಿನ ಬೆರಳು ಅವಕ್ಕೆ ಸಿಕ್ಕಿಕೊಳ್ಳುತ್ತದೆ.

ಗೀಳಿನ ಪಟ್ಟಿ

ಬೆರಳಿಗೆ ಹಾಕುವ ಡಿಜಿಟಲ್ ಸಾಲು ಎಣಿಕೆಯ ಯಂತ್ರ: ನಾಮಜಪದ ಕೌಂಟರೇ ಅದು, ಬೇರೆ ಹೆಸರಿನಲ್ಲಿ. ಒತ್ತಿದೆನೋ ಇಲ್ಲವೋ ಎಂಬ ಅನುಮಾನ ಯಂತ್ರವಿದ್ದರೂ ಹೋಗುವುದಿಲ್ಲ. ಪೆನ್ಸಿಲ್ ಗೀಟೇ ವಾಸಿ. ಮುತ್ತು ಪೋಣಿಸಿದ ಮಾರ್ಕರುಗಳ ಬದಲಿಗೆ ಬೇರೆ ಬಣ್ಣದ ನೂಲಿನ ಉಂಗುರ. ಸೇಫ್ಟಿ ಪಿನ್ ಬೇಡ, ಅದರ ಸುರುಳಿಯಲ್ಲಿ ನೂಲು ಸಿಕ್ಕುತ್ತದೆ. ಪಿಂಗಾಣಿಯ ಯಾರ್ನ್ ಬೌಲ್ ಚೆಂದ, ಬೆಕ್ಕಿರುವ ಮನೆಯಲ್ಲಿ ಒಂದು ವಾರ ಬಾಳುತ್ತದೆ. ಮೂಲೆಯಲ್ಲಿ ತೂತು ಕೊರೆದ ಐಸ್‌ಕ್ರೀಂ ಡಬ್ಬಿ ಅದೇ ಕೆಲಸ ಮಾಡುತ್ತದೆ. ಉಂಡೆ ಸುತ್ತುವ ವೈಂಡರ್ ಮಾತ್ರ, ಲಡಿಯಲ್ಲಿ ನೂಲು ಕೊಳ್ಳುವವರಿಗೆ, ದುಡ್ಡಿಗೆ ತಕ್ಕ ಸಾಮಾನು. ಲಡಿ ಹಿಡಿಯಲು ಮನೆಯವರ ಎರಡು ಕೈ ಸಿಗದಿದ್ದರೆ ಬೆನ್ನಿಗೆ ಬೆನ್ನು ಇಟ್ಟ ಎರಡು ಕುರ್ಚಿ.

ಇನ್ನು ದೊಡ್ಡ ಗೀಳು, ಹೊಸ ಪ್ಯಾಟರ್ನ್. ರ್‍ಯಾವೆಲ್ರಿ ಎಂಬ ಹೆಣಿಗೆ ಪ್ಯಾಟರ್ನುಗಳ ಜಾಲತಾಣ 2007ರಿಂದ ಇದೆ, ಸೂಜಿಯ ಮಿ.ಮೀ., ನೂಲಿನ ಮೀಟರ್ ಹಾಕಿ ಸೋಸಿ ಹುಡುಕಬಹುದು, ಪುಕ್ಕಟೆ ಪ್ಯಾಟರ್ನುಗಳೂ ಧಾರಾಳ. ಸಾಮಾನು ಚೆನ್ನಾಗಿದೆ ಎಂಬುದೇ ಅದರ ಮೇಲಿನ ದೂರು. ಒಂದು ತೋಳು ಮುಗಿದು ಇನ್ನೊಂದು ಬಾಕಿ ಇರುವ ಸಂಜೆಯೇ ಹೊಸ ಶಾಲು ಕಣ್ಣಿಗೆ ಬೀಳುವುದು. ಇದಕ್ಕೆ ವೈರಾಗ್ಯ ಮದ್ದಲ್ಲ, ಕೇಬಲ್ ಮದ್ದು: ಎರಡು ಉಂಡೆ ಇಟ್ಟುಕೊಂಡು ಎರಡೂ ತೋಳನ್ನು ಒಂದೇ ಉದ್ದ ಸೂಜಿಯಲ್ಲಿ ಅಕ್ಕಪಕ್ಕ ಹೆಣೆಯಿರಿ. ಒಂದರಲ್ಲಿ ಹೆಚ್ಚಿಸಿದ ಕುಣಿಕೆ ಇನ್ನೊಂದರಲ್ಲೂ ಅದೇ ಸಾಲಿಗೆ ಬರುತ್ತದೆ, ಉದ್ದ ತಪ್ಪುವುದಿಲ್ಲ, ಎರಡೂ ಒಂದೇ ದಿನ ಮುಗಿಯುತ್ತವೆ.

ಒಗೆಯುವುದು, ಎತ್ತಿಡುವುದು

ಉಣ್ಣೆಗೆ ಉಗುರುಬೆಚ್ಚಗಿನ ನೀರು, ಅಂಟುವಾಳದ ನೊರೆ ಅಥವಾ ಉಣ್ಣೆಗೆಂದೇ ಮಾಡಿದ ದ್ರವ ಸೋಪು. ಎಂಜೈಮ್ ಇರುವ ಬಟ್ಟೆ ಪೌಡರ್ ಕೂಡದು. ಕಲೆಯ ಪ್ರೋಟೀನ್ ಕರಗಿಸಲು ಹಾಕಿದ ಎಂಜೈಮಿಗೆ ಉಣ್ಣೆಯೂ ಪ್ರೋಟೀನೇ. ಇಪ್ಪತ್ತು ನಿಮಿಷ ನೆನೆಸಿ, ಉಜ್ಜದೆ, ಹಿಂಡದೆ, ಎರಡೂ ಕೈಯಲ್ಲಿ ಅಡಿಯಿಂದ ಎತ್ತಿ ಒಣ ಟವೆಲಿನಲ್ಲಿ ಚಾಪೆಯಂತೆ ಸುರುಳಿ ಸುತ್ತಿ ಒತ್ತಿ. ನೆರಳಿನಲ್ಲಿ ಹಾಸಿ, ಅಳತೆಗೆ ಎಳೆದು ಒಣಗಿಸಿ. ತಂತಿಗೆ ನೇತುಹಾಕಿದರೆ ಒದ್ದೆ ತೋಳು ಮೊಣಕಾಲಿಗೆ ಬರುತ್ತದೆ. ಅಕ್ರಿಲಿಕ್ ಮಷಿನ್ನಿಗೆ ಹೋಗಲಿ, ಇಸ್ತ್ರಿ ಮಾತ್ರ ಬೇಡ. ಬಿಸಿಗೆ ಎಳೆಯ ಪುಟಿತ ಒಮ್ಮೆ ಸತ್ತರೆ ಮತ್ತೆ ಬರುವುದಿಲ್ಲ, ಬಾರ್ಡರ್ ಜೋತುಬೀಳುತ್ತದೆ. ಶಾಲಿಗೆ ಜೋಲು ಬೇಕೆಂದೇ ಕೆಲವರು ದೂರದಿಂದ ಹಬೆ ಹಿಡಿಯುವುದುಂಟು. ಮಾದರಿ ತುಂಡಿನ ಮೇಲೆ ನೋಡಿಕೊಂಡು ಮಾಡಿ.

ಶಿವರಾತ್ರಿಯ ನಂತರ ಎತ್ತಿಡುವಾಗ ಉಣ್ಣೆಯದ್ದನ್ನೆಲ್ಲ ಒಗೆದೇ ಇಡಬೇಕು. ನುಸಿಯ ಮರಿ ಮೊದಲು ತಿನ್ನುವುದು ಬೆವರು, ಎಣ್ಣೆ ಹತ್ತಿದ ಕತ್ತಿನ ಭಾಗವನ್ನು. ಜಿಪ್ ಕವರು, ನುಸಿಗುಳಿಗೆ ಬಟ್ಟೆಗೆ ತಾಗದಂತೆ ಕಾಗದದಲ್ಲಿ ಸುತ್ತಿ. ಅಕ್ರಿಲಿಕ್ಕಿಗೆ ಅದು ದಂಡ. ಕವರಿನೊಳಗೆ ಆ ನೂಲಿನ ಚೀಟಿ, ಹತ್ತು ಮೀಟರ್ ಉಳಿಕೆ ನೂಲು, ಯಾವ ಸೂಜಿ ಎಷ್ಟು ಕುಣಿಕೆ ಎಂದು ಬರೆದ ಕಾಗದ, ಮೂರನ್ನೂ ಹಾಕಿಡಿ. ಮುಂದಿನ ಚಳಿಗಾಲಕ್ಕೆ ಮೊದಲು ಹರಿಯುವುದು ಮೊಣಕೈ.